ಹೂವಿನ ಕಣಜವೂ ನಮ್ಮ ಹೊಲವೂ

(ಶಾಲೆಯ ಜಗಲಿಯಲ್ಲಿ ನಡೆದ ರೈತರ ಸಂಜೆಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂದು ಗೊಬ್ಬರದ ಮಾತಿಲ್ಲ, ಬೀಜದ ಮಾತಿಲ್ಲ, ಸಾಲದ ಮಾತೂ ಇಲ್ಲ. ಒಂದು ಹುಳುವಿನ ವಿಚಾರ ಹೇಳಬೇಕೆಂದು ಬಂದಿದ್ದೇನೆ. "ಮಳೆ ಹಿಂದೆ ಬಿದ್ದಿದೆ, ತೊಗರಿ ಹೂ ಬಿಡುವ ಕಾಲ ಬಂತು, ಈಗ ಈತ ಹುಳುವಿನ ಕಥೆ ಹೇಳುತ್ತಾನಲ್ಲ" ಎಂದು ನೀವು ಅಂದುಕೊಳ್ಳಬಹುದು. ಕೊನೆಯವರೆಗೂ ಕೇಳಿ. ಅನಂತರವೂ ನಿಷ್ಪ್ರಯೋಜಕವೆಂದು ಕಂಡರೆ ಮುಂದಿನ ಸಭೆಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಳ್ಳಿ.

ಹದಿನೈದು ದಿನಗಳ ಹಿಂದಿನ ಮಾತು. ನಿಮ್ಮಲ್ಲೇ ಒಬ್ಬರ ಪಂಪ್‌ಮನೆಗೆ ಹೋಗಿದ್ದೆ. ಗೋಡೆಯ ಮೂಲೆಯಲ್ಲಿ ನೆಲ್ಲಿಕಾಯಿ ಗಾತ್ರದ ಮಣ್ಣಿನ ಮಡಕೆಯೊಂದು ಅಂಟಿಕೊಂಡಿತ್ತು. ಕುಂಬಾರನು ತಿಗರಿಯ ಮೇಲೆ ಮಾಡಿದಷ್ಟು ಅಂದ. ಮನೆಯ ಹುಡುಗ ಕುಡುಗೋಲಿನ ತುದಿಯಿಂದ ಅದನ್ನು ಕೆರೆದುಹಾಕಿದ. ಬೇಡವೆನ್ನಲು ನನಗೆ ಸಮಯವಾಗಲಿಲ್ಲ. ಮಡಕೆ ಒಡೆದು ಕೆಳಗೆ ಬಿತ್ತು. ಒಳಗಿನಿಂದ ಏಳು ಹಸಿರು ಹುಳುಗಳು ಉದುರಿದವು. ಸತ್ತಿರಲಿಲ್ಲ, ಓಡಾಡಲೂ ಇಲ್ಲ. ಮುಟ್ಟಿದರೆ ಸ್ವಲ್ಪ ಮಿಸುಕುತ್ತಿದ್ದವು. ಹುಡುಗನ ಅಜ್ಜ ಪಕ್ಕದಲ್ಲೇ ಕುಳಿತಿದ್ದರು. "ಪಾಪ, ಆ ಕಣಜ ಇವಕ್ಕೆ ಮಂತ್ರ ಹೇಳಿ ತನ್ನಂತೆ ಮಾಡಿಕೊಳ್ಳುತ್ತಿತ್ತು. ಕೆಡಿಸಿಬಿಟ್ಟೆಯಲ್ಲೋ!" ಎಂದರು.

ಅಜ್ಜ ಹೇಳಿದ್ದು ನಮ್ಮ ದೇಶದ ಬಹು ಹಳೆಯ ಮಾತು. ಭ್ರಮರ-ಕೀಟ ನ್ಯಾಯವೆಂದು ಹಿರಿಯರು ಹೇಳುವುದನ್ನು ನೀವು ಹರಿಕಥೆಯಲ್ಲಿ ಕೇಳಿರುತ್ತೀರಿ. ಕಣಜವು ಕೀಟವನ್ನು ತಂದು ಗೂಡಿನಲ್ಲಿಟ್ಟು ಗುಂಯ್‌ಗುಡುತ್ತದೆ, ಕೀಟವು ಅದನ್ನೇ ಧ್ಯಾನಿಸಿ ಧ್ಯಾನಿಸಿ ಕಣಜವೇ ಆಗಿಬಿಡುತ್ತದೆ ಎಂದು. ಗುರುವನ್ನು ನೆನೆದ ಶಿಷ್ಯ ಗುರುವಿನಂತೆ ಆಗುತ್ತಾನೆಂಬುದಕ್ಕೆ ಅದು ಒಳ್ಳೆಯ ಉಪಮೆ. ಹಿರಿಯರು ಕಣ್ಣಾರೆ ಕಂಡದ್ದೂ ಸುಳ್ಳಲ್ಲ: ಹುಳು ಒಳಗೆ ಹೋಯಿತು, ಕೆಲವು ದಿನಗಳ ಮೇಲೆ ಕಣಜ ಹೊರಗೆ ಬಂತು. ನಡುವೆ ಮಡಕೆಯೊಳಗೆ ಏನಾಯಿತೆಂಬುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ನಡೆಯುವುದು ಹೀಗೆ. ಈ ಹುಳುವನ್ನು ನಾವು ಕುಂಬಾರ ಹುಳು, ಕುಂಬಾರ ಕಣಜ ಎನ್ನುತ್ತೇವೆ. ಹೆಣ್ಣು ಕಣಜ ಒದ್ದೆ ಮಣ್ಣನ್ನು ಉಂಡೆಮಾಡಿ ತಂದು ಮಡಕೆ ಕಟ್ಟುತ್ತದೆ. ಒಳಗೆ ಮೇಲಿನಿಂದ ನೂಲಿನಂಥ ಎಳೆಯಲ್ಲಿ ಒಂದು ತತ್ತಿಯನ್ನು ತೂಗಹಾಕುತ್ತದೆ. ಆಮೇಲೆ ಹೊಲಕ್ಕೆ ಹೋಗಿ ಹಸಿರು ಹುಳುಗಳನ್ನು ಹುಡುಕಿ, ಕೊಂಡಿಯಿಂದ ಚುಚ್ಚಿ, ಸಾಯದಂತೆ ಆದರೆ ಓಡಾಡದಂತೆ ಮಾಡಿ ತಂದು ತುಂಬುತ್ತದೆ. ಬಾಯನ್ನು ಮಣ್ಣಿನಿಂದ ಮೆತ್ತಿ ಹೊರಟುಹೋಗುತ್ತದೆ. ತತ್ತಿ ಒಡೆದು ಬಂದ ಮರಿ ಆ ಹುಳುಗಳನ್ನು ತಿಂದು ಬೆಳೆದು ಕಣಜವಾಗಿ ಮಡಕೆಯನ್ನು ಕೊರೆದು ಹೊರಗೆ ಬರುತ್ತದೆ. ಮಂತ್ರವಲ್ಲ, ಬುತ್ತಿ! ತಾಯಿ ತನ್ನ ಮಗುವಿಗೆ ಕಟ್ಟಿಟ್ಟ ಬುತ್ತಿ.

ನಾನು ಆ ಅಜ್ಜನಿಗೆ ಇದನ್ನು ಹೇಳಿ, "ಈ ಏಳು ಹುಳುಗಳೂ ನಿಮ್ಮ ತೊಗರಿಯ ಕಡೆಯಿಂದ ಬಂದಂತಿವೆ, ಕಾಯಿಕೊರಕದ ಎಳೆಯ ಹುಳುಗಳಂತೆ ಕಾಣುತ್ತವೆ. ಕೂಲಿ ಕೇಳದೆ ಆ ಕಣಜ ನಿಮ್ಮ ಹೊಲದ ಕೆಲಸ ಮಾಡುತ್ತಿತ್ತು" ಎಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದರೆ ಕಣಜಗಳೆಲ್ಲ ಹುಳು ತಿನ್ನಿಸಿಯೇ ಮಕ್ಕಳನ್ನು ಸಾಕುತ್ತವೆಯೋ?"

ಆ ಪ್ರಶ್ನೆಯೇ ಇಂದಿನ ಭಾಷಣಕ್ಕೆ ಮೂಲ. ಎಲ್ಲವೂ ಅಲ್ಲ. ಹುಳುವಿನ ಬುತ್ತಿಯನ್ನು ಬಿಟ್ಟು ಹೂವಿನ ಬುತ್ತಿಯನ್ನು ಹಿಡಿದ ಕಣಜಗಳೂ ಲೋಕದಲ್ಲಿವೆ. ಅವುಗಳನ್ನು ಪರಾಗ ಕಣಜಗಳೆಂದು ಕರೆಯಬಹುದು.

ಹೂವಿನ ಬುತ್ತಿ

ಪರಾಗ ಕಣಜವು ನಮ್ಮ ಕುಂಬಾರ ಕಣಜದ ದಾಯಾದಿ. ಎರಡೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ನೋಡುವುದಕ್ಕೂ ಕಣಜವೇ: ಕಪ್ಪು ಮೈ, ಅದರ ಮೇಲೆ ಹಳದಿ, ಬಿಳಿ ಅಥವಾ ಕೆಂಗಂದು ಪಟ್ಟೆಗಳು. ಹೆಚ್ಚಿನವುಗಳ ಮೀಸೆಯ ತುದಿ ಮಾತ್ರ ಭೀಮನ ಗದೆಯಂತೆ ಉಬ್ಬಿರುತ್ತದೆ. ಆದರೆ ಇವುಗಳ ಮಣ್ಣಿನ ಗೂಡನ್ನು ಒಡೆದರೆ ಹಸಿರು ಹುಳು ಸಿಗುವುದಿಲ್ಲ. ಮಕರಂದದಲ್ಲಿ ಕಲಸಿದ ಪರಾಗದ ಮುದ್ದೆ ಸಿಗುತ್ತದೆ. ಅದರ ಪಕ್ಕದಲ್ಲಿ ಒಂದು ತತ್ತಿ. ಅಷ್ಟೆ.

ಜೇನ್ನೊಣವೂ ಇದನ್ನೇ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಹೌದು. ಜೇನ್ನೊಣಗಳ ಹಿರಿಯರೂ ಬಹು ಹಿಂದೆ ಬೇಟೆಯಾಡುವ ಕಣಜಗಳೇ ಆಗಿದ್ದವು. ಬೇಟೆ ಬಿಟ್ಟು ಹೂವಿಗೆ ಬಂದವು. ಪರಾಗ ಕಣಜಗಳು ಬೇರೊಂದು ಮನೆತನದಿಂದ, ಬೇರೆಯಾಗಿಯೇ, ಅದೇ ದಾರಿಗೆ ಬಂದವು. ವ್ಯತ್ಯಾಸ ಹೊರೆ ಹೊರುವ ರೀತಿಯಲ್ಲಿದೆ. ಜೇನ್ನೊಣದ ಹಿಂಗಾಲಿನಲ್ಲಿ ಪರಾಗದ ಹಳದಿ ಉಂಡೆಯನ್ನು ನೀವೆಲ್ಲ ಕಂಡಿದ್ದೀರಿ. ಪರಾಗ ಕಣಜಕ್ಕೆ ಅಂಥ ಬುಟ್ಟಿಯಿಲ್ಲ. ಅದು ಪರಾಗವನ್ನು ನುಂಗಿ, ಮಕರಂದದೊಂದಿಗೆ ಹೊಟ್ಟೆಯ ಮುಂಚೀಲದಲ್ಲಿಟ್ಟುಕೊಂಡು ಹೋಗಿ, ಗೂಡಿನಲ್ಲಿ ಕಕ್ಕುತ್ತದೆ. ಆದ್ದರಿಂದ ಅದು ಹೂವಿನಿಂದ ಏಳುವಾಗ ಬರಿಗೈಯಲ್ಲಿ ಹೋದಂತೆ ಕಾಣುತ್ತದೆ. ಬಹುಕಾಲ ಜನರ ಗಮನಕ್ಕೆ ಬಾರದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಜೇನ್ನೊಣಗಳ ಬಳಗದಲ್ಲಿ ಸುಮಾರು 20,000 ಜಾತಿಗಳಿವೆ. ಪರಾಗ ಕಣಜಗಳು ಇಡೀ ಲೋಕದಲ್ಲಿ ಕೆಲವು ನೂರು ಜಾತಿ ಮಾತ್ರ. ಮಳೆ ಕಡಮೆ, ಬಿಸಿಲು ಹೆಚ್ಚು ಇರುವ ಪ್ರದೇಶಗಳೇ ಇವುಗಳ ತವರು. ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳು, ಅಮೆರಿಕದ ಪಶ್ಚಿಮ ಭಾಗ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ ಇಲ್ಲೆಲ್ಲ ಇವೆ. ಬಗೆಗಳು ಅತಿ ಹೆಚ್ಚಾಗಿರುವುದು ಆಫ್ರಿಕ ಖಂಡದ ದಕ್ಷಿಣ ತುದಿಯಲ್ಲಿ. ಈ ಕಣಜವನ್ನು ನಿಮ್ಮ ಹೊಲದಲ್ಲೇ ತೋರಿಸುತ್ತೇನೆಂದು ನಾನು ಹೇಳುತ್ತಿಲ್ಲ. ಅದರ ಕಥೆಯಿಂದ ನಮಗೊಂದು ಪಾಠವಿದೆ, ಅದಕ್ಕಾಗಿ ಹೇಳುತ್ತಿದ್ದೇನೆ.

ಇವು ಜೇನಿನಂತೆ ದೊಡ್ಡ ಸಂಸಾರ ಹೂಡುವುದಿಲ್ಲ. ಒಂದೊಂದು ತಾಯಿ ತನ್ನ ಮನೆ ತಾನೇ ಕಟ್ಟಿ, ತನ್ನ ಮಕ್ಕಳಿಗೆ ತಾನೇ ಬುತ್ತಿ ಕೂಡಿಡುತ್ತದೆ. ಮನೆಗಳಲ್ಲಿ ಎಷ್ಟು ಬಗೆ ನೋಡಿ. ಸೆರಾಮಿಯಸ್ ಎಂಬ ಕುಲದವು ಗಟ್ಟಿ ಜೇಡಿನೆಲದಲ್ಲಿ ಬಿಲ ತೋಡುತ್ತವೆ. ನೆಲ ಗಟ್ಟಿಯಾದ್ದರಿಂದ ಮೊದಲು ನೀರು ಹೊತ್ತು ತಂದು ಮಣ್ಣನ್ನು ನೆನೆಸುತ್ತವೆ. ನಾವು ಹದ ನೋಡಿ ಉಳುವುದಿಲ್ಲವೇ, ಹಾಗೆ. ತೋಡಿದ ಕೆಸರಿನಿಂದ ಬಿಲದ ಬಾಯಿಗೆ ಒಂದು ಸಣ್ಣ ಕೊಳವೆ ಕಟ್ಟುತ್ತವೆ. ಸೆಲೊನೈಟಿಸ್ ಕುಲದ ಹಲವು ಜಾತಿಗಳು ಕಲ್ಲಿನ ಮೇಲೋ ಗಿಡದ ಕಡ್ಡಿಯ ಮೇಲೋ ಮಣ್ಣಿನ ಕೋಣೆ ಕಟ್ಟುತ್ತವೆ. ಇವು ಬೆದರಿದರೆ ಮೈ ಮುದುಡಿ ಉಂಡೆಯಾಗುತ್ತವೆ. ಕ್ವಾರ್ಟಿನಿಯಾ ಎಂಬ ಮೂರನೆಯ ಕುಲದ್ದು ಇನ್ನೂ ವಿಚಿತ್ರ. ಹೆಚ್ಚಿನವು ಭತ್ತದ ಕಾಳಿಗಿಂತ ಚಿಕ್ಕವು. ಮರಳಿನಲ್ಲಿ ಗೂಡು ಮಾಡುತ್ತವೆ. ಮರಳು ಕುಸಿಯುತ್ತದಲ್ಲ? ಅದಕ್ಕೆ ತಾಯಿ ಕಣಜ ತಾನೇ ರೇಷ್ಮೆಯಂಥ ನೂಲು ನೂತು ಮರಳಿನ ಕಣಗಳನ್ನು ಬಂಧಿಸಿ ಗೋಡೆ ನಿಲ್ಲಿಸುತ್ತದೆ. ಕೆಲವಂತೂ ಸತ್ತ ಬಸವನಹುಳುವಿನ ಮರಳು ತುಂಬಿದ ಚಿಪ್ಪಿನೊಳಗೆ ಮನೆ ಮಾಡುತ್ತವೆ.

ಊಟದಲ್ಲಿಯೂ ಹಟ. ಕಂಡ ಹೂವಿಗೆಲ್ಲ ಹೋಗುವುದಿಲ್ಲ. ಯುರೋಪಿನ ಒಂದು ಸೆಲೊನೈಟಿಸ್ ಪುದೀನದ ಕುಟುಂಬದ ಹೂಗಳಲ್ಲಿ ಪರಾಗ ಕೂಡಿಸುತ್ತದೆ. ನಮ್ಮ ತುಳಸಿ, ತುಂಬೆ, ದೊಡ್ಡಪತ್ರೆಗಳೂ ಅದೇ ಕುಟುಂಬ. ಆ ಹೂಗಳಲ್ಲಿ ಪರಾಗವು ಮೇಲ್ತುಟಿಯ ಕೆಳಗೆ ಅಡಗಿರುತ್ತದೆ. ಅದನ್ನು ಕೆರೆದು ತೆಗೆಯಲು ಈ ಕಣಜದ ಮುಖದ ಮೇಲೆಯೇ ಗುಂಡುತುದಿಯ ಬಿರುಗೂದಲುಗಳಿವೆ. ಅಮೆರಿಕದ ಇನ್ನೊಂದು ಜಾತಿ ಪೆನ್‌ಸ್ಟೆಮನ್ ಎಂಬ ಗಿಡದ ಹೂವನ್ನೇ ಹೆಚ್ಚಾಗಿ ನೆಚ್ಚಿದೆ. ಹೂವಿಗೆ ತಕ್ಕ ಹುಳು, ಹುಳುವಿಗೆ ತಕ್ಕ ಹೂ. ಒಂದು ಹೋದರೆ ಇನ್ನೊಂದಕ್ಕೆ ಕಷ್ಟ.

ಹೊಸ ಜಾತಿಗೆ ನಾಮಕರಣ

ಈಗ ಮುಖ್ಯ ವಿಷಯಕ್ಕೆ ಬರೋಣ. ಪರಾಗ ಕಣಜಗಳಲ್ಲಿ ಒಂದಕ್ಕೆ ಮಸಾರಿಸ್ ವೆಸ್ಪಿಫಾರ್ಮಿಸ್ ಎಂದು ಫ್ಯಾಬ್ರಿಸಿಯಸ್ ಎಂಬ ವಿದ್ವಾಂಸ 1793ರಲ್ಲೇ ಹೆಸರಿಟ್ಟ. ಅಲ್ಲಿಂದ ಇನ್ನೂರು ವರ್ಷ ಕಳೆದರೂ ಹೊಸಹೊಸವು ಸಿಗುತ್ತಲೇ ಇವೆ. ದಕ್ಷಿಣ ಆಫ್ರಿಕದ ಗ್ರಹಾಮ್ಸ್‌ಟೌನ್ ಎಂಬ ಊರಿನಲ್ಲಿ (2018ರಿಂದ ಅದರ ಹೆಸರು ಮಖಾಂಡ) ಆಲ್ಬನಿ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಫ್ರೀಡ್ರಿಕ್ ಗೆಸ್ ಮತ್ತು ಸಾರಾ ಗೆಸ್ ದಂಪತಿಗಳು ವರ್ಷವರ್ಷವೂ ಒಣನಾಡುಗಳಲ್ಲಿ ಅಲೆದು, ಹೂವಿನ ಬಳಿ, ನೀರಿನ ಬಳಿ, ಗೂಡಿನ ಬಳಿ ಕುಳಿತು ಈ ಕಣಜಗಳ ಬದುಕನ್ನು ಬರೆದಿಟ್ಟರು. ಸಾರಾ ಗೆಸ್ ಅವರು 1996ರಲ್ಲಿ ಪರಾಗ ಕಣಜಗಳ ಮೇಲೆಯೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಫ್ರೀಡ್ರಿಕ್ ಗೆಸ್ ಅವರು 2007ರಿಂದ ಆರಂಭಿಸಿ, ಆಗಲೇ ಹೇಳಿದ ಮರಳಿನ ಕ್ವಾರ್ಟಿನಿಯಾ ಕುಲದಲ್ಲಿ ಹೊಸ ಜಾತಿಗಳನ್ನು ಸಾಲುಸಾಲಾಗಿ ವರ್ಣಿಸಿದರು.

ಹೊಸದು ಎಂದರೆ ಹುಳು ಈಗ ಹುಟ್ಟಿತೆಂದಲ್ಲ. ಅದು ತಲೆತಲಾಂತರದಿಂದ ಅಲ್ಲೇ ಇತ್ತು. ಅದರ ಮೇಲೆ ಕುರಿಗಳು ನಡೆದವು, ಜನರೂ ನಡೆದರು. ಇದು ಬೇರೆ, ಅದು ಬೇರೆ ಎಂದು ಗುರುತಿಸಿ ಬರೆದಿಟ್ಟವರು ಇರಲಿಲ್ಲ, ಅಷ್ಟೆ.

ಹೊಸ ಜಾತಿ ಎಂದು ಹೇಗೆ ತೀರ್ಮಾನಿಸುತ್ತಾರೆ? ನಮ್ಮ ಜಮೀನಿನ ಪಹಣಿ ಮಾಡುವಷ್ಟೇ ಕಟ್ಟುನಿಟ್ಟಿನ ಕೆಲಸ ಅದು. ಮೊದಲು ಹುಳುವನ್ನು ಬಲೆಯಿಂದ ಹಿಡಿದು, ಸೂಜಿಗೆ ಚುಚ್ಚಿ, ಕೆಳಗೆ ಒಂದು ಚೀಟಿ ಹಾಕುತ್ತಾರೆ. ಯಾವ ಊರು, ಯಾವ ದಿನ, ಹಿಡಿದವರು ಯಾರು, ಯಾವ ಹೂವಿನ ಮೇಲೆ ಸಿಕ್ಕಿತು, ಎಲ್ಲವೂ ಚೀಟಿಯಲ್ಲಿರಬೇಕು. ಚೀಟಿಯಿಲ್ಲದ ಹುಳು ಸರ್ವೆ ನಂಬರಿಲ್ಲದ ಜಮೀನಿದ್ದಂತೆ. ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತಲೆಯ ಅಗಲ, ಮೀಸೆಯ ಗೆಣ್ಣುಗಳು, ಮೈಮೇಲಿನ ಸೂಜಿಮೊನೆಯಂಥ ಕುಳಿಗಳು, ಬಣ್ಣದ ಪಟ್ಟೆಗಳು, ರೆಕ್ಕೆಯ ನರಗಳು ಇವನ್ನೆಲ್ಲ ನೋಡುತ್ತಾರೆ. ಕ್ವಾರ್ಟಿನಿಯಾಗಳನ್ನು ಗೆಸ್ ಅವರು ವಿಂಗಡಿಸಿದ್ದೇ ರೆಕ್ಕೆಯ ನರಗಳು ಪೂರ್ಣವೋ ಅಪೂರ್ಣವೋ ಎಂಬುದರಿಂದ. ಗಂಡು ಬೇರೆ, ಹೆಣ್ಣು ಬೇರೆ ವರ್ಣಿಸಬೇಕು. ಇತ್ತೀಚೆಗೆ ಡಿಎನ್‌ಎ ಪರೀಕ್ಷೆಯೂ ಸಹಾಯಕ್ಕೆ ಬಂದಿದೆ.

ಆಮೇಲೆ ಹಳೆಯ ದಾಖಲೆಗಳೊಂದಿಗೆ ಹೋಲಿಸಬೇಕು. ಹಿಂದೆಯೇ ಯಾರಾದರೂ ಇದಕ್ಕೆ ಹೆಸರಿಟ್ಟಿದ್ದರೆ ಹೊಸ ಹೆಸರು ನಿಲ್ಲುವುದಿಲ್ಲ; ಮೊದಲು ಇಟ್ಟ ಹೆಸರಿಗೇ ಹಕ್ಕು. ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಾಣಿಗಳ ಹೆಸರಿನ ಲೆಕ್ಕ ಹಿಡಿಯುತ್ತಾರೆ. ಹೆಸರಿಗೆ ಎರಡು ಭಾಗ: ಮೊದಲನೆಯದು ಕುಲ, ಎರಡನೆಯದು ಜಾತಿ. ವರ್ಣನೆಗೆ ಆಧಾರವಾದ ಒಂದು ಹುಳುವನ್ನು ಮಾದರಿಯೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಡುತ್ತಾರೆ. ನೂರು ವರ್ಷಗಳ ಮೇಲೆ ಯಾರಿಗಾದರೂ ಸಂದೇಹ ಬಂದರೆ ಆ ಮಾದರಿಯನ್ನೇ ತೆಗೆದು ನೋಡಬಹುದು. ಊರಿನ ಗಡಿಕಲ್ಲಿದ್ದಂತೆ ಅದು.

ಹೆಸರಿಟ್ಟರೆ ರಾಗಿ ಬೆಳೆಯುತ್ತದೆಯೇ?

ಇಷ್ಟು ಹೇಳಿದಾಗ ಪಂಪ್‌ಮನೆಯ ಅಜ್ಜ ನಕ್ಕು, "ಹೆಸರಿಟ್ಟರೆ ನಮ್ಮ ಹೊಲದಲ್ಲಿ ಒಂದು ಪಲ್ಲ ರಾಗಿ ಹೆಚ್ಚಿಗೆ ಬೆಳೆಯುತ್ತದೆಯೇನಪ್ಪ?" ಎಂದರು. ನ್ಯಾಯವಾದ ಪ್ರಶ್ನೆ. ನಮ್ಮ ಕಡೆಯೇ ನಡೆದ ಸಂಗತಿಯಿಂದ ಉತ್ತರ ಕೊಡುತ್ತೇನೆ.

2008ರಲ್ಲಿ ಕೊಯಮತ್ತೂರಿನ ಪರಂಗಿ ತೋಟಗಳಲ್ಲಿ ಒಂದು ಬಿಳಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಗಿಡದ ತುದಿಗೆ ಹಿಟ್ಟು ಚೆಲ್ಲಿದಂತೆ ಮುತ್ತಿ ರಸ ಹೀರಿತು. ಪರಂಗಿ ಮಾತ್ರವಲ್ಲ, ಮರಗೆಣಸು, ಹತ್ತಿ, ದಾಸವಾಳ, ಹಿಪ್ಪುನೇರಳೆಗೂ ಹಬ್ಬಿತು. ತಮಿಳುನಾಡಿನಿಂದ ನಮ್ಮ ಕರ್ನಾಟಕಕ್ಕೂ ಬಂತು. ರೇಷ್ಮೆ ಬೆಳೆಗಾರರ ಸಂಕಟ ಯೋಚಿಸಿ: ಸೊಪ್ಪಿಗೆ ವಿಷ ಹೊಡೆದರೆ ತಿಗಣೆಯ ಜೊತೆಗೆ ರೇಷ್ಮೆಹುಳುವೂ ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಇಲ್ಲ.

ಆಗ ದಾರಿ ತೋರಿಸಿದ್ದು ಹೆಸರು. ಹಿಟ್ಟು ತಿಗಣೆಗಳಲ್ಲಿ ಬಹಳ ಜಾತಿಗಳಿವೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಹಿಟ್ಟು. ಇದು ಪ್ಯಾರಕಾಕಸ್ ಮಾರ್ಜಿನೇಟಸ್ ಎಂಬ ಜಾತಿಯೆಂದು ವಿಜ್ಞಾನಿಗಳು ಗುರುತಿಸಿದರು. ಅದನ್ನು ವರ್ಣಿಸಿ ಹೆಸರಿಟ್ಟದ್ದು 1992ರಲ್ಲಿ. ಹೆಸರು ತಿಳಿದ ಮೇಲೆ ಊರು ತಿಳಿಯಿತು: ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಊರು ತಿಳಿದ ಮೇಲೆ ಅದರ ವೈರಿಯೂ ತಿಳಿಯಿತು. ಆ ವೈರಿ ಒಂದು ಕಣಜ! ಒಂದು ಮಿಲಿಮೀಟರಿಗೂ ಚಿಕ್ಕದು. ತಿಗಣೆಯ ಮೈಯೊಳಗೆ ತತ್ತಿಯಿಡುತ್ತದೆ, ಅದರ ಮರಿ ತಿಗಣೆಯನ್ನು ಒಳಗಿನಿಂದ ತಿಂದುಹಾಕುತ್ತದೆ. ಆ ಕಣಜವನ್ನೂ ಕೆಲವೇ ವರ್ಷಗಳ ಹಿಂದೆ, 2003ರಲ್ಲಿ, ಹೊಸ ಜಾತಿಯೆಂದು ವರ್ಣಿಸಿ ಅಸಿರೋಫೇಗಸ್ ಪಪಾಯೆ ಎಂದು ಹೆಸರಿಟ್ಟಿದ್ದರು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೀಟ ಸಂಪನ್ಮೂಲ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಆ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, ತೋಟಗಳಿಗೆ ಬಿಟ್ಟರು. ಅದು ನೆಲೆಯೂರಿತು. ತಿಗಣೆಯ ಹಾವಳಿ ಇಳಿಯಿತು. ರೇಷ್ಮೆಹುಳುವಿಗೆ ಏನೂ ಆಗಲಿಲ್ಲ.

ಈಗ ಹೇಳಿ ಅಜ್ಜ, ಹೆಸರಿನಿಂದ ಪ್ರಯೋಜನವಾಯಿತೋ ಇಲ್ಲವೋ? ಕಾಡುಮೇಡು ಅಲೆದು ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳುವನ್ನು ಹಿಡಿದು ಚೀಟಿ ಬರೆದವರಿಗೆ, ಅದು ಒಂದು ದಿನ ನಮ್ಮ ಹಿಪ್ಪುನೇರಳೆಯನ್ನು ಉಳಿಸುತ್ತದೆಂದು ಗೊತ್ತಿರಲಿಲ್ಲ. ಅವರು ಬರೆದಿಟ್ಟಿದ್ದರು, ಬೇಕಾದ ದಿನ ಸಿಕ್ಕಿತು. ಬರೆದಿಡುವ ಮೊದಲೇ ಆ ಹುಳು ನಾಶವಾಗಿದ್ದರೆ? ಆಗ ಕೇಳುವುದಕ್ಕೆ ಹೆಸರೂ ಇಲ್ಲ, ತರಿಸುವುದಕ್ಕೆ ಹುಳುವೂ ಇಲ್ಲ. ಪರಾಗ ಕಣಜದ ಕಥೆ ನಮಗೆ ಹೇಳುವುದು ಇದನ್ನೇ. ಗುರುತು ಹಿಡಿಯದೆ ಹೊಡೆಯಬೇಡಿ.

ನನ್ನದೇ ತಪ್ಪು

ಈ ಪಾಠವನ್ನು ನಾನೂ ಸುಲಭವಾಗಿ ಕಲಿಯಲಿಲ್ಲ. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೇರೊಂದು ಊರಿನಲ್ಲಿ ಒಬ್ಬ ಅಕ್ಕ ಕಾಲೆಕರೆಯಲ್ಲಿ ಸಿಹಿಗುಂಬಳ ಹಾಕಿದ್ದರು. ಎಲೆಗೆ ಕೆಂಪು ದುಂಬಿ ಬಿದ್ದಿತ್ತು. ನಾನು ಔಷಧಿಯ ಹೆಸರು ಹೇಳಿದೆ, ಅಳತೆ ಹೇಳಿದೆ, ಹೊತ್ತು ಹೇಳಲಿಲ್ಲ. ಆಕೆ ಬೆಳಗ್ಗೆ ಬಿಸಿಲೇರುವ ಮುಂಚೆ ಕೆಲಸ ಮುಗಿಸೋಣವೆಂದು ಹೂವೆಲ್ಲ ಅರಳಿ ಜೇನ್ನೊಣಗಳು ಮುತ್ತಿರುವ ಹೊತ್ತಿಗೇ ಸಿಂಪಡಿಸಿದರು. ದುಂಬಿ ಸತ್ತಿತು. ಮುಂದಿನ ದಿನಗಳಲ್ಲಿ ಬೆರಳುದ್ದದ ಮಿಡಿಗಳು ಹಳದಿಯಾಗಿ ಒಂದೊಂದಾಗಿ ಉದುರಿದವು. "ರೋಗ ಬಂದಿದೆ, ಇನ್ನೊಂದು ಔಷಧಿ ಹೇಳಪ್ಪ" ಎಂದು ಆಕೆ ನನ್ನನ್ನು ಕೇಳಿದರು. ನಾನು ಹೂಗಳ ಹತ್ತಿರ ಒಂದು ಬೆಳಗ್ಗೆಯೆಲ್ಲ ಕುಳಿತೆ. ಒಂದು ಹುಳುವೂ ಬರಲಿಲ್ಲ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗವನ್ನು ದಾಟಿಸುವ ಹುಳುವೇ ಇಲ್ಲದಿದ್ದರೆ ಕಾಯಿ ಕಚ್ಚುವುದು ಹೇಗೆ? ರೋಗವಲ್ಲ, ನನ್ನ ಅರೆಮಾತೇ ಆ ಬೆಳೆಯನ್ನು ಕೆಡಿಸಿತ್ತು. ಆಕೆಗೆ ಅದನ್ನು ಒಪ್ಪಿಕೊಂಡು ಹೇಳಿದೆ. ಆಕೆ ಬೈಯಲಿಲ್ಲ. "ಇನ್ನು ಮೇಲೆ ಎಲ್ಲರಿಗೂ ಹೊತ್ತು ಹೇಳು" ಎಂದರು. ಆ ಮಾತನ್ನು ನಡೆಸಿಕೊಂಡು ಬಂದಿದ್ದೇನೆ.

ನಾವು ಮಾಡಬಹುದಾದ ಕೆಲಸ

ಆದ್ದರಿಂದ ಇಂದು ನಿಮ್ಮಲ್ಲಿ ಕೆಲವು ವಿನಂತಿಗಳು. ಯಾವುದಕ್ಕೂ ಹಣ ಬೇಕಿಲ್ಲ.

ಮೊದಲನೆಯದು, ಮಣ್ಣಿನ ಗೂಡುಗಳನ್ನು ಕಂಡಲ್ಲೆಲ್ಲ ಕೆಡವಬೇಡಿ. ಪಂಪ್‌ಮನೆ, ಕೊಟ್ಟಿಗೆ, ಹಿತ್ತಿಲ ಗೋಡೆಯಲ್ಲಿರುವ ಮಣ್ಣಿನ ಮಡಕೆಗಳು ಒಂಟಿ ಕಣಜದ ಮನೆಗಳು. ಅವು ಗುಂಪುಕಟ್ಟಿ ಮೇಲೆ ಬೀಳುವವಲ್ಲ. ಕೈಯಲ್ಲಿ ಹಿಡಿದು ಹಿಸುಕದಿದ್ದರೆ ಕುಟುಕುವುದು ಅಪರೂಪ. ಕೆಲವು ಹಸಿರು ಹುಳುಗಳನ್ನು, ಕೆಲವು ಜೇಡಗಳನ್ನು ಹಿಡಿದು ತುಂಬುತ್ತವೆ. ಆದರೆ ಮರದಲ್ಲೋ ಸೂರಿನಲ್ಲೋ ಕಾಗದದಂಥ ಗೂಡು ಕಟ್ಟಿ ಗುಂಪಾಗಿ ಬಾಳುವ ಕಡಜದ ಮಾತು ಬೇರೆ. ಅದು ಮನೆಯ ಬಾಗಿಲಲ್ಲೋ ಶಾಲೆಯ ಬಳಿಯಲ್ಲೋ ಇದ್ದರೆ ಅಪಾಯವೇ. ಅಂಥದ್ದಕ್ಕೆ ಹುಡುಗರು ಕಲ್ಲು ಹೊಡೆಯಬಾರದು, ತಿಳಿದವರಿಂದ ತೆಗೆಸಬೇಕು. ಎರಡನ್ನೂ ಒಂದೇ ಎಂದು ತಿಳಿಯುವುದೇ ನಮ್ಮ ತಪ್ಪು.

ಎರಡನೆಯದು, ಪೈರು ಹೂವಿನಲ್ಲಿರುವಾಗ ಔಷಧಿ ಹೊಡೆಯುವ ಮುಂಚೆ ಕೈ ತಡೆಯಿರಿ. ಹೊಲಕ್ಕೆ ಹೋಗಿ ಗಿಡ ನೋಡಿ, ಹುಳು ಎಣಿಸಿ, ಹಾನಿ ನಿಜವಾಗಿ ಹೆಚ್ಚಾಗಿದ್ದರೆ ಮಾತ್ರ ಶಿಫಾರಸು ಮಾಡಿದ ಔಷಧಿಯನ್ನು ಶಿಫಾರಸಿನ ಅಳತೆಯಲ್ಲೇ ಬಳಸಿ. ಹೂವಿನ ಹೊತ್ತನ್ನೂ ತಿಳಿದಿರಿ. ಕುಂಬಳ, ಸೌತೆಗಳ ಹೂ ಬೆಳಗ್ಗೆ ಅರಳುತ್ತದೆ. ಆದ್ದರಿಂದ ಅವಕ್ಕೆ ಸಂಜೆ ಸಿಂಪಡಿಸುವುದು ಲೇಸು. ಸೂರ್ಯಕಾಂತಿಗೂ ಬೆಳಗಿನ ಹೊತ್ತೇ ಜೇನ್ನೊಣಗಳ ಸಂತೆ. ಹೀರೆಯ ಹೂ ಮಾತ್ರ ಸಂಜೆ ಅರಳುತ್ತದೆ, ಅದಕ್ಕೆ ಸಂಜೆಯೇ ಕೆಟ್ಟ ಹೊತ್ತು. ಎಲ್ಲಕ್ಕೂ ಒಂದೇ ಸೂತ್ರವಿಲ್ಲ; ನಿಮ್ಮ ಪೈರಿನ ಹೂ ಯಾವಾಗ ಅರಳುತ್ತದೆಂದು ನೀವೇ ನೋಡಿಕೊಳ್ಳಿ.

ಮೂರನೆಯದು, ಬದುಗಳನ್ನು ಪೂರ್ತಿ ಬೋಳು ಮಾಡಬೇಡಿ. ಪೈರಿಗೆ ಕಳೆಯಾಗದ ತುಂಬೆ, ತುಳಸಿಯಂಥ ಗಿಡಗಳು ಬದುವಿನ ಮೇಲೆ ನಾಲ್ಕು ಇರಲಿ. ಪೈರಿನಲ್ಲಿ ಹೂವಿಲ್ಲದ ದಿನಗಳಲ್ಲಿ ಈ ಹುಳುಗಳು ಬದುಕಬೇಕಾದರೆ ಅವೇ ಆಸರೆ. ಉಳುಮೆಯಿಲ್ಲದ ಗಟ್ಟಿ ನೆಲದ ಒಂದು ಮೂಲೆಯೂ ಇರಲಿ. ನೆಲದಲ್ಲಿ ಬಿಲ ತೋಡುವ ಜೇನು-ಕಣಜಗಳಿಗೆ ಅದು ಮನೆ. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಚ್ಚುವ ರೂಢಿಯನ್ನು ಬಿಡಿ.

ನಾಲ್ಕನೆಯದು ಯುವಕರಿಗೆ ಮತ್ತು ಶಾಲೆಯ ಮಕ್ಕಳಿಗೆ. ಹೊಲದಲ್ಲಿ ಎಂದೂ ಕಾಣದ ಹುಳು ಕಂಡರೆ ಕಾಲಿನಿಂದ ಹೊಸಕಬೇಡಿ. ಬರಿಗೈಯಲ್ಲಿ ಮುಟ್ಟದೆ ಒಂದು ಸಣ್ಣ ಸೀಸೆಗೆ ಹಾಕಿ. ಚೀಟಿಯಲ್ಲಿ ಊರು, ದಿನ, ಯಾವ ಪೈರು, ಅದು ಏನು ಮಾಡುತ್ತಿತ್ತು ಎಂದು ಬರೆಯಿರಿ. ಕೈಯಲ್ಲಿ ಫೋನ್ ಇದ್ದರೆ ಒಂದು ಚಿತ್ರವನ್ನೂ ತೆಗೆಯಿರಿ. ನನಗೆ ಕೊಡಿ, ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸಿ. ಅಲ್ಲಿಂದ ತಜ್ಞರ ಕೈಗೆ ಹೋಗುವಂತೆ ನೋಡಿಕೊಳ್ಳುತ್ತೇನೆ. ನೂರರಲ್ಲಿ ತೊಂಬತ್ತೊಂಬತ್ತು ಹಳೆಯ ಹುಳುಗಳೇ ಇರಬಹುದು. ಇರಲಿ. ಹೊರಗಿನಿಂದ ಬಂದ ಹೊಸ ಪೀಡೆಯಾದರೆ ಮೊದಲ ವಾರದಲ್ಲೇ ತಿಳಿದಂತಾಯಿತು, ಮಿತ್ರನಾದರೆ ಉಳಿಸಿಕೊಂಡಂತಾಯಿತು.

ಕೊನೆಯದಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ ಕಣಜ ಎಂದರೆ ಈ ಹುಳುವೂ ಹೌದು, ಕಾಳು ತುಂಬಿಡುವ ಕಣಜವೂ ಹೌದು. ಎರಡು ಮಾತಿಗೂ ಹುಟ್ಟು ಬೇರೆ ಇರಬಹುದು, ಪಂಡಿತರು ನೋಡಿಕೊಳ್ಳಲಿ. ರೈತನಿಗೆ ಮಾತ್ರ ಎರಡಕ್ಕೂ ಸಂಬಂಧವಿದೆ. ಮಣ್ಣಿನ ಮಡಕೆಯಲ್ಲಿ ತನ್ನ ಮಗುವಿಗೆ ಬುತ್ತಿ ಕೂಡಿಡುವ ಆ ಕಣಜ ಹೊಲದಲ್ಲಿದ್ದರೆ, ನಮ್ಮ ಮನೆಯ ಕಣಜಕ್ಕೂ ಒಂದಿಷ್ಟು ಕಾಳು ಹೆಚ್ಚಿಗೆ ಬೀಳುತ್ತದೆ.

ಮೊನ್ನೆ ಮತ್ತೆ ಆ ಪಂಪ್‌ಮನೆಯ ಕಡೆ ಹೋಗಿದ್ದೆ. ಅದೇ ಮೂಲೆಯಲ್ಲಿ ಅಂಥದೇ ಕಣಜವೊಂದು ಹೊಸ ಮಡಕೆಗೆ ಅಡಿಪಾಯ ಹಾಕುತ್ತಿತ್ತು. ಹುಡುಗ ಮಡಕೆಯ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ "ಮುಟ್ಟಬೇಡಿ" ಎಂದು ಬರೆದಿದ್ದ. ಪಕ್ಕದಲ್ಲಿ ಅಂದಿನ ತಾರೀಖನ್ನೂ ಹಾಕಿದ್ದ. ನಿಮ್ಮ ಮನೆಗಳ ಗೋಡೆಗಳಲ್ಲೂ ಅಂಥ ಬರಹ ಕಾಣಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.